ಹೃದಯದ ಬಡಿತವನ್ನು ಅನಿಮೇಶನ್‌ನಲ್ಲಿ ಕಲಿಸುವ ಬಗೆ: ಜೀವಶಾಸ್ತ್ರ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಉಡುಪಿ, ಮಂಗಳೂರು ಭಾಗದ ಹೈಸ್ಕೂಲು ಮತ್ತು ಪಿಯು ಕಾಲೇಜುಗಳ ಜೀವಶಾಸ್ತ್ರ ಶಿಕ್ಷಕರು ಸ್ವತಃ ಅನಿಮೇಶನ್ ತಯಾರಿಸಲು ಹೊರಟಾಗ ಎಡವುವುದು ಬಹುಮಟ್ಟಿಗೆ ಒಂದೇ ಕಡೆ. ಅಂತರ್ಜಾಲದಿಂದ ಹೃದಯದ ಬಣ್ಣದ ಚಿತ್ರವೊಂದನ್ನು ಇಳಿಸಿಕೊಂಡು, ಅದು ಮಿಡಿಯುವಂತೆ ಮಾಡಿ, ಬಾಣಗಳನ್ನು ಓಡಿಸಿ ತರಗತಿಯಲ್ಲಿ ತೋರಿಸುತ್ತಾರೆ. ಮಕ್ಕಳು ಖುಷಿಯಿಂದ ನೋಡುತ್ತಾರೆ. ಮುಂದಿನ ಕಿರುಪರೀಕ್ಷೆಯಲ್ಲಿ ಮಾತ್ರ, ಹೃದಯದ ಬಲಭಾಗ ಮೊದಲು ಕುಗ್ಗುತ್ತದೆ, ರಕ್ತ ಶ್ವಾಸಕೋಶಕ್ಕೆ ಹೋಗಿ ಬಂದ ಮೇಲೆ ಎಡಭಾಗ ಕುಗ್ಗುತ್ತದೆ ಎಂದು ಬರೆಯುತ್ತಾರೆ. ಅವರು ಕಂಡದ್ದನ್ನೇ ಬರೆದಿರುತ್ತಾರೆ. ಆ ಅನಿಮೇಶನ್ ತೋರಿಸಿದ್ದೇ ಹಾಗೆ.

ಈ ಬರಹದಲ್ಲಿ ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದ ಹೃದಯವನ್ನೇ ಉದಾಹರಣೆಯಾಗಿಟ್ಟುಕೊಂಡು, ಒಂದು ಚಿಕ್ಕ ಅನಿಮೇಶನ್ನನ್ನು ಯೋಜಿಸಿ, ತಯಾರಿಸಿ, ತರಗತಿಯಲ್ಲಿ ಬಳಸುವ ಕ್ರಮವನ್ನು ವಿವರಿಸಲಾಗಿದೆ. ಹಂತಗಳ ಅನುಕ್ರಮವನ್ನು ಬದಲಿಸಬಾರದು. ಮೂರನೆಯ ಹಂತ ಮುಗಿಯುವವರೆಗೆ ಕಂಪ್ಯೂಟರನ್ನು ಮುಟ್ಟುವ ಅಗತ್ಯವಿಲ್ಲ.

ಬೇಕಾಗುವ ಸಲಕರಣೆಗಳು

ಚೌಕುಳಿ ಕಾಗದ, ಪೆನ್ಸಿಲು, ಸಾಧಾರಣ ಲ್ಯಾಪ್‌ಟಾಪ್, ಪವರ್‌ಪಾಯಿಂಟ್ 2019 ಅಥವಾ ಅದರ ನಂತರದ ಆವೃತ್ತಿ, ಒಂದು ಪೆನ್‌ಡ್ರೈವ್ ಇದ್ದರೆ ಸಾಕು. ಪವರ್‌ಪಾಯಿಂಟ್ ಇಲ್ಲದವರು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂಪ್ರೆಸ್ ಬಳಸಬಹುದು. ಫ್ರೇಮ್ ಫ್ರೇಮಾಗಿ ಚಿತ್ರ ಬರೆಯುವ ತಾಳ್ಮೆಯುಳ್ಳವರಿಗೆ ಪೆನ್ಸಿಲ್2ಡಿ, ಕೃತಾ ಎಂಬ ಉಚಿತ ತಂತ್ರಾಂಶಗಳಿವೆ. ಬ್ಲೆಂಡರ್ ಉಚಿತವಾದರೂ ಮೊದಲ ಪ್ರಯತ್ನಕ್ಕೆ ಅದನ್ನು ಆರಿಸಿಕೊಳ್ಳಬಾರದು. ಮೂರು ಆಯಾಮದ ಹೃದಯವನ್ನು ರೂಪಿಸುವುದರಲ್ಲೇ ದಸರಾ ರಜೆ ಕಳೆದುಹೋಗುತ್ತದೆ, ಕವಾಟಗಳ ಮಾತು ಹಾಗೆಯೇ ಉಳಿಯುತ್ತದೆ.

ಹಂತ 1: ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ

‘ಹೃದಯದ ರಚನೆ ಮತ್ತು ಕಾರ್ಯ’ ಎಂಬುದು ಪಾಠದ ಶೀರ್ಷಿಕೆಯಾಗಬಹುದು, ಅನಿಮೇಶನ್ನಿನ ವಿಷಯವಾಗಲಾರದು. ಸ್ಥಿರಚಿತ್ರದಿಂದ ಉತ್ತರ ಸಿಗದ, ಚಲನೆಯಿಂದ ಮಾತ್ರ ಸಿಗುವ ಪ್ರಶ್ನೆಯೊಂದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ನಮ್ಮ ಪ್ರಶ್ನೆ ಇದು: ಒಂದು ಬಡಿತದ ಅವಧಿಯಲ್ಲಿ ಹೃದಯದ ನಾಲ್ಕು ಕೋಣೆಗಳ ಪೈಕಿ ಯಾವುವು ಒಟ್ಟಿಗೆ ಕುಗ್ಗುತ್ತವೆ?

ಪಠ್ಯಪುಸ್ತಕದ ಚಿತ್ರದ ಮೇಲೆ ನಾವು ಬೆರಳಿಟ್ಟು ವಿವರಿಸುವಾಗ ಬಲ ಹೃತ್ಕರ್ಣದಿಂದ (ಮೇಲಿನ ಕೋಣೆ) ಆರಂಭಿಸಿ, ಬಲ ಹೃತ್ಕುಕ್ಷಿ (ಕೆಳಗಿನ ಕೋಣೆ), ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ ಎಂದು ಸಾಗುತ್ತೇವೆ. ಅದು ರಕ್ತದ ಒಂದು ಹನಿ ಸಾಗುವ ದಾರಿಯೇ ಹೊರತು ಕೋಣೆಗಳು ಕುಗ್ಗುವ ಕ್ರಮವಲ್ಲ. ವಾಸ್ತವದಲ್ಲಿ ಎರಡೂ ಹೃತ್ಕರ್ಣಗಳು ಒಟ್ಟಿಗೆ ಕುಗ್ಗುತ್ತವೆ, ಬಳಿಕ ಎರಡೂ ಹೃತ್ಕುಕ್ಷಿಗಳು ಒಟ್ಟಿಗೆ ಕುಗ್ಗುತ್ತವೆ. ದಾರಿಯನ್ನೂ ಕಾಲವನ್ನೂ ಒಂದೇ ಅನಿಮೇಶನ್‌ನಲ್ಲಿ ತೋರಿಸಲು ಹೋದರೆ ಮಕ್ಕಳು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಆದುದರಿಂದ ದಾರಿಯನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಕಲಿಸಿ ಮುಗಿಸಿ, ಅನಿಮೇಶನ್ನನ್ನು ಕಾಲಕ್ಕೆ ಮಾತ್ರ ಮೀಸಲಿಡುವುದು ಒಳ್ಳೆಯದು.

ಪ್ರಶ್ನೆಯಲ್ಲಿ ‘ಮತ್ತು’ ಎಂಬ ಪದ ನುಸುಳಿದ್ದರೆ ಅದು ಎರಡು ಪ್ರಶ್ನೆಗಳಾಗಿದೆ ಎಂದೇ ಅರ್ಥ, ಒಂದನ್ನು ಕೈಬಿಡಿ.

ಹಂತ 2: ಕಾಲದ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ

ಬಹುಪಾಲು ಮಂದಿ ಬಿಟ್ಟುಬಿಡುವ ಹಂತ ಇದೇ ಆದುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗೋಣ.

ನಿಮಿಷಕ್ಕೆ ಸುಮಾರು 72 ಸಲ ಬಡಿಯುವ ಹೃದಯದಲ್ಲಿ ಒಂದು ಬಡಿತದ ಚಕ್ರಕ್ಕೆ ಸುಮಾರು 0.8 ಸೆಕೆಂಡು ತಗಲುತ್ತದೆ. ಅದರಲ್ಲಿ ಹೃತ್ಕರ್ಣಗಳು ಕುಗ್ಗುವುದು ಸುಮಾರು 0.1 ಸೆಕೆಂಡು, ಹೃತ್ಕುಕ್ಷಿಗಳು ಕುಗ್ಗುವುದು ಸುಮಾರು 0.3 ಸೆಕೆಂಡು, ನಾಲ್ಕೂ ಕೋಣೆಗಳು ಸಡಿಲವಾಗಿರುವುದು ಸುಮಾರು 0.4 ಸೆಕೆಂಡು. ಈ ವೇಗದಲ್ಲಿ ಏನೂ ಕಣ್ಣಿಗೆ ನಿಲುಕುವುದಿಲ್ಲವಾದ್ದರಿಂದ ಎಲ್ಲವನ್ನೂ ಸಮನಾಗಿ ಹತ್ತು ಪಟ್ಟು ನಿಧಾನಗೊಳಿಸಿರಿ. ಆಗ ಒಂದು ಬಡಿತಕ್ಕೆ 8 ಸೆಕೆಂಡು ಸಿಗುತ್ತದೆ: ಹೃತ್ಕರ್ಣಗಳಿಗೆ 1, ಹೃತ್ಕುಕ್ಷಿಗಳಿಗೆ 3, ವಿಶ್ರಾಂತಿಗೆ 4.

ಚೌಕುಳಿ ಕಾಗದದಲ್ಲಿ ಅಡ್ಡಲಾಗಿ ಎಂಟು ಚೌಕಗಳನ್ನು ಗುರುತಿಸಿ, ಅದರ ಕೆಳಗೆ ನಾಲ್ಕು ಸಾಲುಗಳನ್ನು ಎಳೆಯಿರಿ. ಮೊದಲ ಸಾಲು ಹೃತ್ಕರ್ಣಗಳದು: ಒಂದನೇ ಚೌಕ ಮಾತ್ರ ತುಂಬಿರಲಿ. ಎರಡನೆಯ ಸಾಲು ಹೃತ್ಕುಕ್ಷಿಗಳದು: ಎರಡರಿಂದ ನಾಲ್ಕರವರೆಗಿನ ಚೌಕಗಳು ತುಂಬಿರಲಿ. ಮೂರನೆಯ ಸಾಲು ಹೃತ್ಕರ್ಣ ಹಾಗೂ ಹೃತ್ಕುಕ್ಷಿಗಳ ನಡುವಿನ ಕವಾಟಗಳದು, ಅಂದರೆ ಬಲಗಡೆಯ ತ್ರಿದಳ ಕವಾಟ ಮತ್ತು ಎಡಗಡೆಯ ದ್ವಿದಳ ಕವಾಟ. ಇವು ಎರಡರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ, ಉಳಿದಂತೆ ತೆರೆದಿರುತ್ತವೆ. ನಾಲ್ಕನೆಯ ಸಾಲು ಹೃತ್ಕುಕ್ಷಿಗಳಿಂದ ಹೊರಡುವ ಅಪಧಮನಿಗಳ ಬುಡದಲ್ಲಿರುವ ಅರ್ಧಚಂದ್ರಾಕೃತಿಯ ಕವಾಟಗಳದು; ಇವುಗಳದು ಬಹುಮಟ್ಟಿಗೆ ಮೂರನೆಯ ಸಾಲಿಗೆ ತದ್ವಿರುದ್ಧ. ಒಂದನೇ ಚೌಕ ಮುಗಿಯುವ ಗೆರೆಯ ಮೇಲೆ ‘ಲಬ್’ ಎಂದೂ, ನಾಲ್ಕನೇ ಚೌಕ ಮುಗಿಯುವ ಗೆರೆಯ ಮೇಲೆ ‘ಡಬ್’ ಎಂದೂ ಬರೆಯಿರಿ. ಎರಡೂ ಕವಾಟ ಮುಚ್ಚುವಾಗಿನ ಸದ್ದುಗಳು. ಸ್ನಾಯು ಕುಗ್ಗುವ ಸದ್ದೆಂದು ಮಕ್ಕಳು ಭಾವಿಸುವುದುಂಟು.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಮೊದಲನೆಯದು, ನೋಡಲು ಚೆನ್ನಾಗಿರಲೆಂದು ಮೂರೂ ಅವಸ್ಥೆಗಳಿಗೆ ಸಮಾನ ಕಾಲ ಕೊಡುವುದು. ಹಾಗೆ ಮಾಡಿದರೆ ಹೃದಯ ತನ್ನ ಅರ್ಧ ಆಯುಷ್ಯವನ್ನು ವಿಶ್ರಾಂತಿಯಲ್ಲಿ ಕಳೆಯುತ್ತದೆ ಎಂಬ ಸಂಗತಿಯೇ ಮಾಯವಾಗುತ್ತದೆ. ಎರಡನೆಯದು, ಹೃತ್ಕುಕ್ಷಿಯನ್ನು ತುಂಬುವ ಕೆಲಸವನ್ನೆಲ್ಲ ಹೃತ್ಕರ್ಣದ ಕುಗ್ಗುವಿಕೆಗೆ ವಹಿಸುವುದು. ಸುಮಾರು ಮುಕ್ಕಾಲು ಪಾಲು ರಕ್ತ ವಿಶ್ರಾಂತಿಯ ಅವಧಿಯಲ್ಲಿ ತಾನಾಗಿಯೇ ಕೆಳಗಿಳಿದಿರುತ್ತದೆ. ಹೃತ್ಕರ್ಣ ದೂಡುವುದು ಉಳಿದದ್ದನ್ನು. ಪ್ರತಿ ಬದಿಗೆ ನಾಲ್ಕು ಚುಕ್ಕೆಗಳನ್ನು ರಕ್ತವೆಂದು ತೋರಿಸುವುದಾದರೆ, ಮೂರು ಚುಕ್ಕೆಗಳು ಐದರಿಂದ ಎಂಟನೇ ಚೌಕದೊಳಗೆ ಇಳಿಯಬೇಕು, ಒಂದು ಮಾತ್ರ ಮುಂದಿನ ಬಡಿತದ ಒಂದನೇ ಚೌಕದಲ್ಲಿ ಇಳಿಯಬೇಕು.

ಹಂತ 3: ಚಿತ್ರವನ್ನು ಬಿಡಿ ಭಾಗಗಳಾಗಿ ಯೋಚಿಸಿ

ಇಳಿಸಿಕೊಂಡ ಚಿತ್ರ ಒಂದೇ ಹಾಳೆಯಂತಿರುವುದರಿಂದ ಅದರ ಒಂದು ಕೋಣೆಯನ್ನಷ್ಟೇ ಕುಗ್ಗಿಸಲು ಸಾಧ್ಯವಿಲ್ಲ. ಇಡೀ ಚಿತ್ರವನ್ನು ‘ಗ್ರೋ–ಶ್ರಿಂಕ್’ ಪರಿಣಾಮದಿಂದ ಹಿಗ್ಗಿಸಿ ಕುಗ್ಗಿಸುವ ಅಭ್ಯಾಸ ಹುಟ್ಟಿದ್ದೇ ಇದರಿಂದ, ಮತ್ತು ಅದು ಜೀವಶಾಸ್ತ್ರದ ದೃಷ್ಟಿಯಿಂದ ಪೂರ್ತಿ ಸುಳ್ಳು. ಕೃತಿಸ್ವಾಮ್ಯದ ತಕರಾರು ಬೇರೆ. ಸರಳ ರೇಖೆಗಳಲ್ಲಿ ನೀವೇ ಬರೆದ ಚಿತ್ರ ಎಷ್ಟೋ ಮೇಲು.

ಬೇಕಾದ ಭಾಗಗಳು ಇಷ್ಟು: ಹೃದಯದ ಹೊರ ಅಂಚು, ನಾಲ್ಕು ಕೋಣೆಗಳ ಒಳಜಾಗ, ನಾಲ್ಕು ಕವಾಟಗಳು, ನಾಲ್ಕು ದೊಡ್ಡ ರಕ್ತನಾಳಗಳ ತುಂಡುಗಳು, ಚುಕ್ಕೆಗಳು. ಕೋಣೆ ಕುಗ್ಗುವುದೆಂದರೆ ಒಳಜಾಗ ಕಿರಿದಾಗಿ ಗೋಡೆ ದಪ್ಪವಾಗುವುದು. ಆದುದರಿಂದ ಹೊರ ಅಂಚನ್ನು ಹೆಚ್ಚು ಕದಲಿಸದೆ ಒಳಜಾಗದ ಆಕಾರವನ್ನು ಬದಲಿಸಿರಿ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸ್ಪಷ್ಟವಾಗಿ ದಪ್ಪವಿರಲಿ. ಒಂದು ಬಡಿತಕ್ಕೆ ಪ್ರತಿ ಹೃತ್ಕುಕ್ಷಿಯಿಂದ ಹೊರಬೀಳುವುದು ಸುಮಾರು 70 ಮಿಲಿಲೀಟರ್ ರಕ್ತ. ಅಷ್ಟಕ್ಕೆ ಅದು ಬರಿದಾಗುವುದಿಲ್ಲ. ಆದ್ದರಿಂದ ಕುಗ್ಗಿದ ಹೃತ್ಕುಕ್ಷಿಯಲ್ಲೂ ಒಂದೆರಡು ಚುಕ್ಕೆಗಳು ಕದಲದೆ ಉಳಿಯಲಿ.

ಚಿತ್ರದಲ್ಲಿ ನಮ್ಮ ಎಡಗೈ ಕಡೆ ಕಾಣುವುದು ಹೃದಯದ ಬಲಭಾಗ. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ, ‘ಬಲ’, ‘ಎಡ’ ಎಂಬ ಎರಡು ಪದಗಳನ್ನು ಚಿತ್ರದ ಮೇಲ್ಭಾಗದಲ್ಲಿ ಶಾಶ್ವತವಾಗಿ ಇರಿಸಿರಿ.

ಬಣ್ಣದ ವಿಷಯದಲ್ಲಿ ಕಡು ನೀಲಿಯನ್ನು ಬಳಸಬೇಡಿ ಎಂಬುದು ನನ್ನ ಸಲಹೆ. ಆಕ್ಸಿಜನ್ ಕಡಿಮೆಯಿರುವ ರಕ್ತ ನೀಲಿಯಲ್ಲ, ಗಾಢ ಕೆಂಪು. ಪುಸ್ತಕದ ನೀಲಿಯನ್ನು ನಿಜವೆಂದು ನಂಬಿ ಪಿಯುಸಿಗೆ ಬರುವವರು ಕಡಿಮೆಯೇನಿಲ್ಲ. ತಿಳಿಗೆಂಪು ಮತ್ತು ಕಡುಗೆಂಪು ಬಳಸಿ, ಜೊತೆಗೆ ಒಂದು ಬಗೆಯ ಚುಕ್ಕೆಯನ್ನು ತುಂಬಿದ ವೃತ್ತವಾಗಿಯೂ ಇನ್ನೊಂದನ್ನು ಖಾಲಿ ವೃತ್ತವಾಗಿಯೂ ತೋರಿಸಿದರೆ ಬಣ್ಣ ಬೇರ್ಪಡಿಸಿ ಕಾಣದ ಮಕ್ಕಳಿಗೂ ತಿಳಿಯುತ್ತದೆ. ಬಣ್ಣವನ್ನು ನಾಳದ ಹೆಸರು ನೋಡಿ ತುಂಬಬಾರದು: ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಕ್ಸಿಜನ್ ಕಡಿಮೆಯಿರುವ ರಕ್ತ.

ಹಂತ 4: ಆರು ಸ್ಲೈಡ್‌ಗಳಲ್ಲಿ ಚಲನೆಯನ್ನು ಕಟ್ಟಿರಿ

ಪವರ್‌ಪಾಯಿಂಟ್‌ನ ‘ಮಾರ್ಫ್’ ಎಂಬ ಟ್ರಾನ್ಸಿಷನ್, ಹಿಂದಿನ ಸ್ಲೈಡಿನ ಆಕಾರವನ್ನು ಮುಂದಿನ ಸ್ಲೈಡಿನ ಆಕಾರಕ್ಕೆ ನಯವಾಗಿ ಬದಲಿಸುತ್ತದೆ. ಮೊದಲ ಸ್ಲೈಡನ್ನು ಪೂರ್ತಿಗೊಳಿಸಿ, ಅದನ್ನು ನಕಲು ಮಾಡಿ, ನಕಲಿನಲ್ಲಿ ಬದಲಾವಣೆ ಮಾಡುವುದೇ ಸರಿಯಾದ ಕ್ರಮ. ಪ್ರತಿ ಸ್ಲೈಡಿನಲ್ಲೂ ಹೊಸದಾಗಿ ಬರೆದರೆ ಆಕಾರ ಸರಿಯುವ ಬದಲು ಮಸುಕಾಗಿ ಮರೆಯಾಗಿ, ಬೇರೊಂದು ಮೂಡುತ್ತದೆ. ‘ಸೆಲೆಕ್ಷನ್ ಪೇನ್’ ತೆರೆದು ಪ್ರತಿ ಭಾಗಕ್ಕೂ ಎರಡು ಆಶ್ಚರ್ಯಸೂಚಕ ಚಿಹ್ನೆಗಳಿಂದ ಆರಂಭವಾಗುವ ಒಂದು ಹೆಸರನ್ನು ಕೊಟ್ಟು, ಎಲ್ಲ ಸ್ಲೈಡ್‌ಗಳಲ್ಲೂ ಅದೇ ಹೆಸರನ್ನು ಉಳಿಸಿದರೆ ಚುಕ್ಕೆಗಳು ಅದಲುಬದಲಾಗುವುದಿಲ್ಲ.

ಮೂರು ಅವಸ್ಥೆಗಳಿಗೆ ಮೂರೇ ಸ್ಲೈಡ್ ಸಾಕೆಂದು ತೋರುತ್ತದೆ. ಸಾಲದು. ಹೃತ್ಕುಕ್ಷಿ ಮೂರು ಸೆಕೆಂಡುಗಳಲ್ಲಿ ಕುಗ್ಗುವಾಗ ಕವಾಟವೂ ಅದೇ ಮೂರು ಸೆಕೆಂಡುಗಳಲ್ಲಿ ನಿಧಾನವಾಗಿ ಮುಚ್ಚಿಕೊಂಡರೆ, ರಕ್ತ ಹಿಂದಕ್ಕೆ ಹೃತ್ಕರ್ಣಕ್ಕೆ ಸೋರುತ್ತಿರುವ ರೋಗಗ್ರಸ್ತ ಹೃದಯದ ಚಿತ್ರ ಸಿಗುತ್ತದೆ! ಆದುದರಿಂದ ಕವಾಟಗಳ ಚಲನೆಗೆಂದೇ ನಡುವೆ ಚಿಕ್ಕ ಸ್ಲೈಡ್‌ಗಳನ್ನು ಸೇರಿಸಬೇಕು.

ಒಂದನೆಯ ಸ್ಲೈಡಿನಲ್ಲಿ ಎಲ್ಲ ಕೋಣೆಗಳೂ ಸಡಿಲವಾಗಿ, ಹೃತ್ಕುಕ್ಷಿಗಳು ಬಹುಪಾಲು ತುಂಬಿರುತ್ತವೆ. ಎರಡನೆಯದರಲ್ಲಿ ಎರಡೂ ಹೃತ್ಕರ್ಣಗಳು ಕುಗ್ಗುತ್ತವೆ. ಮಾರ್ಫ್ ಅವಧಿ 1 ಸೆಕೆಂಡು. ಮೂರನೆಯದರಲ್ಲಿ ತ್ರಿದಳ, ದ್ವಿದಳ ಕವಾಟಗಳು ಮಾತ್ರ ಮುಚ್ಚುತ್ತವೆ, 0.3 ಸೆಕೆಂಡು, ‘ಲಬ್’ ಇಲ್ಲಿಯೇ. ನಾಲ್ಕನೆಯದರಲ್ಲಿ ಅರ್ಧಚಂದ್ರ ಕವಾಟಗಳು ತೆರೆದು ಹೃತ್ಕುಕ್ಷಿಗಳು ಕುಗ್ಗುತ್ತವೆ, ಅದೇ ಹೊತ್ತಿಗೆ ಹೃತ್ಕರ್ಣಗಳು ಸಡಿಲಗೊಂಡು ತುಂಬತೊಡಗುತ್ತವೆ, 2.7 ಸೆಕೆಂಡು. ಐದನೆಯದರಲ್ಲಿ ಅರ್ಧಚಂದ್ರ ಕವಾಟಗಳು ಮುಚ್ಚುತ್ತವೆ, 0.3 ಸೆಕೆಂಡು, ‘ಡಬ್’ ಇಲ್ಲಿ. ಆರನೆಯದರಲ್ಲಿ ತ್ರಿದಳ, ದ್ವಿದಳ ಕವಾಟಗಳು ತೆರೆದು, ಮೂರು ಚುಕ್ಕೆಗಳು ಇಳಿದು ಮೊದಲ ಸ್ಲೈಡಿನ ಸ್ಥಿತಿಗೆ ಮರಳುತ್ತದೆ, 3.7 ಸೆಕೆಂಡು. ಒಟ್ಟು ಎಂಟು ಸೆಕೆಂಡು. ಕವಾಟಗಳನ್ನು ತೆರೆದು ಮುಚ್ಚುವುದು ರಕ್ತದ ಒತ್ತಡವೇ ಹೊರತು ಅವು ತಾವಾಗಿ ಅಲುಗುವುದಿಲ್ಲ ಎಂಬುದನ್ನು ಇಲ್ಲಿ ಬಾಯಿಮಾತಿನಲ್ಲಿ ಸೇರಿಸಬೇಕಾಗುತ್ತದೆ.

ಲ್ಯಾಪ್‌ಟಾಪ್ ಇಲ್ಲದವರು ಬಣ್ಣದ ಕಾಗದದ ತುಂಡುಗಳನ್ನು ಮೇಜಿನ ಮೇಲೆ ಸರಿಸುತ್ತ ಮೊಬೈಲಿನಲ್ಲಿ ಫೋಟೊ ತೆಗೆದು ಸ್ಟಾಪ್ ಮೋಷನ್ ಮಾಡಬಹುದು. ಸೆಕೆಂಡಿಗೆ 10 ಫೋಟೊ ಎಂದಿಟ್ಟುಕೊಂಡರೆ ಎಂಟು ಸೆಕೆಂಡಿಗೆ 80 ಬೇಕು. ಅದನ್ನು 10, 30, 40 ಎಂದು ಹಂಚಿಕೊಳ್ಳಿ. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿಯಿರಿ ಮತ್ತು ಕಿಟಕಿಯ ಬೆಳಕನ್ನು ನೆಚ್ಚಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೋಡ ಸರಿದಂತೆಲ್ಲ ಬೆಳಕು ಏರಿಳಿದು ಇಡೀ ಚಿತ್ರ ಮಿಣುಕತೊಡಗುತ್ತದೆ.

ಹಂತ 5: ಕನ್ನಡ ಅಕ್ಷರಗಳನ್ನು ಪರೀಕ್ಷಿಸಿಕೊಳ್ಳಿ

ಮನೆಯ ಕಂಪ್ಯೂಟರಿನಲ್ಲಿ ಸರಿಯಿದ್ದ ಅಕ್ಷರಗಳು ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದಕ್ಕೆ ಕಾರಣ, ಅವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿರುವುದು. ನುಡಿ, ಬರಹ ತಂತ್ರಾಂಶಗಳನ್ನು ಬಳಸುವವರು ಯೂನಿಕೋಡ್ ಆಯ್ಕೆಯನ್ನೇ ಒತ್ತಿಕೊಂಡು ಟೈಪಿಸಬೇಕು; ಫಾಂಟು ನೋಟೋ ಸಾನ್ಸ್ ಕನ್ನಡ ಇರಲಿ.

ಅಕ್ಷರ ಅಕ್ಷರವಾಗಿ ಮೂಡುವ ಪರಿಣಾಮವನ್ನು ಕನ್ನಡಕ್ಕೆ ಬಳಸಬೇಡಿ, ಒತ್ತಕ್ಷರಗಳು ಚದುರಿಹೋಗಬಹುದು. ಪರೀಕ್ಷೆಗೆ ‘ಹೃತ್ಕುಕ್ಷಿ’ ಎಂಬ ಒಂದೇ ಪದ ಸಾಕು: ಹ ಅಕ್ಷರದ ವಟ್ರಸುಳಿ, ತ ಅಕ್ಷರಕ್ಕೆ ಕ ಒತ್ತು, ಮತ್ತೆ ಕ್ಷ, ಮೂರೂ ಅದರಲ್ಲಿವೆ. ಅದು ಸರಿಯಾಗಿ ಕಂಡರೆ ಉಳಿದವೂ ಸಾಮಾನ್ಯವಾಗಿ ಸರಿಯಿರುತ್ತವೆ. ಸರಿಯಿಲ್ಲದಿದ್ದರೆ ಪದವನ್ನು ಪಿಎನ್‌ಜಿ ಚಿತ್ರವಾಗಿ ಉಳಿಸಿ ಅಂಟಿಸಿರಿ.

ಹೆಸರುಗಳು ಆಯಾ ಭಾಗದ ಪಕ್ಕದಲ್ಲೇ ಇರಲಿ, ಕದಲದಿರಲಿ. ಕೆಳಗೆ 1, 2, 3 ಎಂದು ವಿವರಣೆ ಕೊಟ್ಟರೆ ಕಣ್ಣು ಕೆಳಗೂ ಮೇಲೂ ಓಡುವಷ್ಟರಲ್ಲಿ ಕವಾಟ ಮುಚ್ಚಿ ಮುಗಿದಿರುತ್ತದೆ. ಪಿಯು ತರಗತಿಗೆ ‘ಹೃತ್ಕರ್ಣ’ದ ಕೆಳಗೆ ‘ಏಟ್ರಿಯಮ್’, ‘ಹೃತ್ಕುಕ್ಷಿ’ಯ ಕೆಳಗೆ ‘ವೆಂಟ್ರಿಕಲ್’ ಎಂದು ಸೇರಿಸುವುದು ಅಗತ್ಯ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ತಿಂಗಳುಗಳಲ್ಲಿ ಸೋಲುವುದು ವಿಷಯಕ್ಕಿಂತ ಹೆಚ್ಚಾಗಿ ಇಂಥ ಹೆಸರುಗಳಲ್ಲಿ.

ಹಂತ 6: ಧ್ವನಿಯನ್ನು ಮಿತಗೊಳಿಸಿ

ವಿವರಣೆಯನ್ನು ಧ್ವನಿಮುದ್ರಿಸಬೇಡಿ, ಎಲ್ಲಿ ನಿಲ್ಲಿಸಬೇಕೆಂಬುದು ಮಕ್ಕಳ ಮುಖ ನೋಡಿದ ಮೇಲಷ್ಟೇ ತಿಳಿಯುವ ವಿಷಯ. ಹಿನ್ನೆಲೆ ಸಂಗೀತ ಬೇಡವೇ ಬೇಡ. ‘ಲಬ್’, ‘ಡಬ್’ ಎರಡು ಸದ್ದುಗಳಿದ್ದರೆ ಸಾಕು, ಜೂನ್–ಜುಲೈ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಅವೂ ಕೇಳಿಸುವುದಿಲ್ಲ. ಹಾಗಾಗಿ ಆ ಕ್ಷಣಗಳಲ್ಲಿ ಮುಚ್ಚಿದ ಕವಾಟದ ಗೆರೆ ಒಮ್ಮೆ ದಪ್ಪವಾಗಿ ಕಾಣುವಂತೆ ಮಾಡಿರಿ.

ಹಂತ 7: ತರಗತಿಗೆ ಮುನ್ನ ಒಬ್ಬ ವಿದ್ಯಾರ್ಥಿಗೆ ತೋರಿಸಿ

ಸಹೋದ್ಯೋಗಿಗೆ ಪಾಠ ಮೊದಲೇ ತಿಳಿದಿರುವುದರಿಂದ ಅವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಪಾಠ ಕಲಿಯದ ಎಂಟನೇ ತರಗತಿಯ ಮಗುವೊಂದಕ್ಕೆ ಏನನ್ನೂ ಹೇಳದೆ ಎರಡು ಸಲ ತೋರಿಸಿ, ಕಂಡದ್ದನ್ನು ಹೇಳಲು ಬಿಡಿ. ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಿದರೂ ಆದೀತು. ‘ಮೇಲಿನ ಎರಡು ಒಟ್ಟಿಗೆ, ಆಮೇಲೆ ಕೆಳಗಿನ ಎರಡು ಒಟ್ಟಿಗೆ’ ಎಂಬ ಅರ್ಥ ಬಂದರೆ ಅನಿಮೇಶನ್ ಸಿದ್ಧವಾಗಿದೆ. ಮಗು ಮೊದಲು ಬಣ್ಣದ ಬಗ್ಗೆ ಮಾತಾಡಿದರೆ ಬಣ್ಣ ಹೆಚ್ಚಾಗಿದೆ. ಚುಕ್ಕೆಯ ಹಿಂದೆ ಬಿದ್ದಿದ್ದರೆ ಚುಕ್ಕೆಗಳು ದೊಡ್ಡದಾಗಿವೆ.

ಹಂತ 8: ಕೋಣೆ ಮತ್ತು ಕಡತ

ಒಂದೇ ಅನಿಮೇಶನ್ನಿನ ಮೂರು ಪ್ರತಿಗಳನ್ನು ಮಾಡಿಟ್ಟುಕೊಳ್ಳಿ: ಗುಂಡಿ ಒತ್ತಿದಾಗ ಮಾತ್ರ ಮುಂದೆ ಹೋಗುವ ಸ್ಲೈಡ್‌ಗಳು, ತಾನಾಗಿ ಮರುಕಳಿಸುವ ಎಂಟು ಸೆಕೆಂಡಿನ ಎಂಪಿ4 ವಿಡಿಯೊ, ಹೆಸರುಗಳಿಲ್ಲದ ಇನ್ನೊಂದು ವಿಡಿಯೊ. ಪವರ್‌ಪಾಯಿಂಟ್‌ನ ‘ಎಕ್ಸ್‌ಪೋರ್ಟ್’ ವಿಭಾಗದಲ್ಲಿ ವಿಡಿಯೊ ಮಾಡುವ ಆಯ್ಕೆ ಇದೆ. ಇಂಪ್ರೆಸ್ ಬಳಸಿದವರು ಓಬಿಎಸ್ ಸ್ಟುಡಿಯೊದಲ್ಲಿ ಪರದೆಯನ್ನು ರೆಕಾರ್ಡ್ ಮಾಡಿಕೊಳ್ಳಬಹುದು. ಪೆನ್‌ಡ್ರೈವಿನಲ್ಲೂ ಮೊಬೈಲಿನಲ್ಲೂ ಪ್ರತಿ ಇರಲಿ. ಅಂತರ್ಜಾಲದಿಂದ ನೇರವಾಗಿ ತೋರಿಸುವ ಧೈರ್ಯ ಮಾಡಬೇಡಿ.

ಮಾಡಿನ ಗಾಜಿನ ಹಂಚಿನಿಂದ ಬೆಳಕು ಇಳಿಯುವ ಕೋಣೆಯಲ್ಲಿ ಕಪ್ಪು ಹಿನ್ನೆಲೆಯ ಅನಿಮೇಶನ್ ಏನೂ ಕಾಣುವುದಿಲ್ಲ. ಬಿಳಿ ಹಿನ್ನೆಲೆ, ದಪ್ಪ ಗೆರೆ ಬಳಸಿ, ಹಿಂದಿನ ದಿನವೇ ಕೊನೆಯ ಬೆಂಚಿನಲ್ಲಿ ಕುಳಿತು ಹೆಸರುಗಳನ್ನು ಓದಿ ನೋಡಿರಿ. ತೇವದಿಂದ ಪ್ರೊಜೆಕ್ಟರಿನ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಒಳ್ಳೆಯದು.

ಹಂತ 9: ತೋರಿಸುವ ಕ್ರಮ

ಮೊದಲು ಪರದೆಯನ್ನು ಕಪ್ಪಾಗಿಯೇ ಇಡಿ. ಸ್ಲೈಡ್ ಓಡುತ್ತಿರುವಾಗ ಬಿ ಅಕ್ಷರದ ಕೀಲಿ ಒತ್ತಿದರೆ ಪವರ್‌ಪಾಯಿಂಟ್ ಪರದೆಯನ್ನು ಕಪ್ಪಾಗಿಸುತ್ತದೆ. ನಾಲ್ಕು ಕೋಣೆಗಳು ಯಾವ ಕ್ರಮದಲ್ಲಿ ಕುಗ್ಗಬಹುದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆಯಲಿ. ಈ ಊಹೆ ಬರೆಯದೆ ನೋಡಿದ ಮಕ್ಕಳು ‘ನನಗಿದು ಮೊದಲೇ ಗೊತ್ತಿತ್ತು’ ಎಂದುಕೊಂಡು ಮುಂದೆ ಹೋಗುತ್ತಾರೆ.

ಬಳಿಕ ಹೆಸರುಗಳಿಲ್ಲದ ವಿಡಿಯೊವನ್ನು ಮಾತಿಲ್ಲದೆ ತೋರಿಸಿ. ಅನಂತರ ಸ್ಲೈಡ್‌ಗಳಿಗೆ ಬನ್ನಿ. ಎರಡನೆಯ ಸ್ಲೈಡಿನಲ್ಲಿ ನಿಲ್ಲಿಸಿ, ಮುಂದೆ ಯಾವ ಕವಾಟ ಮುಚ್ಚುತ್ತದೆ ಎಂದು ಕೇಳಿ. ಉತ್ತರ ಬಂದ ಮೇಲೆ, ಅದು ಮುಚ್ಚದಿದ್ದರೆ ರಕ್ತ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿ. ನಾಲ್ಕನೆಯದರಲ್ಲಿ ನಿಲ್ಲಿಸಿ ಹೃತ್ಕರ್ಣಗಳತ್ತ ಗಮನ ಸೆಳೆಯಿರಿ. ಹೃತ್ಕುಕ್ಷಿಗಳು ಕುಗ್ಗುವಾಗ ಮೇಲಿನವು ತುಂಬುತ್ತಿರುತ್ತವೆ ಎಂಬುದನ್ನು ನೀವು ಹೇಳುವ ಮೊದಲೇ ಯಾರಾದರೂ ಗುರುತಿಸುವಷ್ಟು ಹೊತ್ತು ಕಾಯಿರಿ.

ಮುಂದಿನದಕ್ಕೆ ವಿದ್ಯುತ್ ಬೇಕಿಲ್ಲ, ಕರೆಂಟು ಹೋದ ದಿನವೂ ನಡೆಯುತ್ತದೆ. ಮಕ್ಕಳು ಇಬ್ಬಿಬ್ಬರಾಗಿ ನಿಲ್ಲಲಿ; ಒಬ್ಬರ ಎರಡು ಕೈಗಳು ಹೃತ್ಕರ್ಣಗಳು, ಇನ್ನೊಬ್ಬರವು ಹೃತ್ಕುಕ್ಷಿಗಳು. ನೀವು ಒಂದರಿಂದ ಎಂಟರವರೆಗೆ ಎಣಿಸಿ. ಒಂದಕ್ಕೆ ಮೊದಲನೆಯವರು ಎರಡೂ ಮುಷ್ಟಿ ಬಿಗಿಯುತ್ತಾರೆ. ಎರಡು, ಮೂರು, ನಾಲ್ಕಕ್ಕೆ ಎರಡನೆಯವರು. ಐದರಿಂದ ಎಂಟರವರೆಗೆ ಎಲ್ಲರ ಕೈಗಳೂ ಸಡಿಲ. ಬಲ ಮುಷ್ಟಿಯನ್ನು ಮೊದಲು ಬಿಗಿಯುವ ಮಗು ತಕ್ಷಣ ಕಣ್ಣಿಗೆ ಬೀಳುತ್ತದೆ. ಕೊನೆಗೆ ವಿಡಿಯೊವನ್ನು ಹತ್ತು ಪಟ್ಟು ವೇಗದಲ್ಲಿ, ಅಂದರೆ ನಿಜವಾದ 0.8 ಸೆಕೆಂಡಿನಲ್ಲಿ ಓಡಿಸಿ ತೋರಿಸಿ.

ಎಚ್ಚರಿಕೆಯ ಸೂಚನೆಗಳು

‘ಇನ್ನೊಮ್ಮೆ ಹಾಕಿ ಸರ್’ ಎಂಬ ಕೂಗು ಬಂದು ಒಂದು ಪ್ರಶ್ನೆಯೂ ಬರದಿದ್ದರೆ ಮಕ್ಕಳು ಚಲನೆಯನ್ನು ನೋಡುತ್ತಿದ್ದಾರೆ, ಹೃದಯವನ್ನಲ್ಲ. ವಿಡಿಯೊ ನಿಲ್ಲಿಸಿ ಸ್ಲೈಡ್‌ಗಳಿಗೆ ಮರಳಿರಿ. ನೀವು ಪರದೆಯ ಕಡೆ ಮುಖ ಮಾಡಿ ನಿಂತಿದ್ದರೆ ಅದೂ ಒಂದು ಸೂಚನೆಯೇ. ಕಲಿಕೆಯನ್ನು ಅಳೆಯಲು ಒಂದೆರಡು ದಿನ ಬಿಟ್ಟು ಮೂರನೆಯ ಹಾಗೂ ಐದನೆಯ ಸ್ಲೈಡುಗಳನ್ನು ಹೆಸರುಗಳಿಲ್ಲದೆ ಮುದ್ರಿಸಿ ಕೊಟ್ಟು, ಮುಂದೇನಾಗುತ್ತದೆ ಎಂದು ಕೇಳಿ. ಎರಡರಲ್ಲೂ ನಾಲ್ಕೂ ಕವಾಟಗಳು ಮುಚ್ಚಿರುವುದರಿಂದ ಉತ್ತರಕ್ಕೆ ಕೋಣೆಗಳ ಸ್ಥಿತಿಯನ್ನೇ ನೋಡಬೇಕಾಗುತ್ತದೆ, ಉರು ಹೊಡೆದವರಿಗೆ ದಕ್ಕುವುದಿಲ್ಲ.

ಮಲ್ಪೆ, ಬೆಂಗ್ರೆ ಕಡೆಯ ಮಕ್ಕಳಿರುವ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ: ಬಂಗುಡೆಗೂ ಹೀಗೆಯೇ? ಮೀನಿನ ಹೃದಯದಲ್ಲಿ ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ ಮಾತ್ರ. ರಕ್ತ ಅಲ್ಲಿಂದ ನೇರ ಕಿವಿರುಗಳಿಗೆ ಹೋಗುತ್ತದೆ. ಮೀನು ಸ್ವಚ್ಛ ಮಾಡುವಾಗ ಕಿವಿರಿನ ಹಿಂದೆ, ಕೆಳಬದಿಯಲ್ಲಿ ಸಿಗುವ ಚಿಕ್ಕ ಗಾಢ ಕೆಂಪು ಗಂಟನ್ನು ಮನೆಯಲ್ಲಿ ನೋಡಿ ಬರಲು ಹೇಳಬಹುದು.

ಬೇರೆ ಪಾಠಗಳಿಗೆ ಅಳವಡಿಸುವಾಗ

ಕೋಶ ವಿಭಜನೆಗೂ ಇದೇ ಕ್ರಮ ಹೊಂದುತ್ತದೆ, ಕಾಲದ ಪಟ್ಟಿಯೇ ಅಲ್ಲೂ ಮುಖ್ಯ. ಸುಮಾರು 24 ಗಂಟೆಯ ಮಾನವ ಕೋಶಚಕ್ರದಲ್ಲಿ ವಿಭಜನೆಗೆ ಹೋಗುವುದು ಸುಮಾರು ಒಂದು ಗಂಟೆ. ಗಂಟೆಗೊಂದು ಸೆಕೆಂಡು ಎಂದು ತೋರಿಸಿದರೆ 23 ಸೆಕೆಂಡು ಹೊರಗೆ ಏನೂ ನಡೆಯದಂತೆ ಕಂಡು, ಕೊನೆಯ ಒಂದು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಅದನ್ನೊಮ್ಮೆ ತೋರಿಸಿ, ಆಮೇಲೆ ಆ ಒಂದು ಸೆಕೆಂಡನ್ನು ಹಿಗ್ಗಿಸಿರಿ. ಪತ್ರರಂಧ್ರ ತೆರೆಯುವುದು, ನರಕೋಶದಲ್ಲಿ ಸಂಕೇತ ಸಾಗುವುದು ಕೂಡ ಯೋಗ್ಯ ವಿಷಯಗಳು. ಎಲೆಯ ವಿನ್ಯಾಸ, ಮೂಳೆಗಳ ಹೆಸರು, ವರ್ಗೀಕರಣ ಇವುಗಳಿಗೆ ಅನಿಮೇಶನ್ ಮಾಡುವ ಶ್ರಮ ಬೇಡ. ಅಂಗಳದಿಂದ ಒಂದು ಗೆಲ್ಲು ಮುರಿದು ತಂದರೆ ಆಯಿತು.